ಶುಶ್ರೂಷೆ ಎಂಬ ಮಾತು

ರೋಗಿಯ ಶುಶ್ರೂಷೆ, ತಂದೆತಾಯಿಗಳ ಶುಶ್ರೂಷೆ, ಗುರುಶುಶ್ರೂಷೆ ಎಂದು ಮೂರು ಬಗೆಯಲ್ಲಿ ಈ ಶಬ್ದವು ನಮ್ಮ ಬಾಯಲ್ಲಿ ಬರುತ್ತದೆ. ಸೇವೆ ಎಂದು ಅರ್ಥ ಹೇಳಿ ನಾವು ಮುಂದಿನ ಪದಕ್ಕೆ ಹೋಗುತ್ತೇವೆ. ನಾನೂ ಬಹುಕಾಲ ತರಗತಿಯಲ್ಲಿ ಹಾಗೆಯೇ ಹೇಳಿ ಮುಂದೆ ಹೋದವನು. ಶಬ್ದವನ್ನು ಬಿಡಿಸಿ ನೋಡಿದರೆ ಒಳಗಿರುವುದು 'ಶ್ರು' ಧಾತು. ಕೇಳುವುದು ಎಂದು ಅದರ ಅರ್ಥ. ಅದಕ್ಕೆ ಇಚ್ಛಾರ್ಥದ 'ಸನ್' ಪ್ರತ್ಯಯವು ಸೇರಿ, ಧಾತುವಿಗೆ ದ್ವಿತ್ವವು ಬಂದು, 'ಶುಶ್ರೂಷಾ' ಎಂದಾಗುತ್ತದೆ. ಕುಡಿಯಬೇಕೆಂಬ ಇಚ್ಛೆ ಪಿಪಾಸೆಯಾದಂತೆ, ತಿಳಿಯಬೇಕೆಂಬ ಇಚ್ಛೆ ಜಿಜ್ಞಾಸೆಯಾದಂತೆ, ಕೇಳಬೇಕೆಂಬ ಇಚ್ಛೆ ಶುಶ್ರೂಷೆ. ಗುರುವಿನ ಮಾತನ್ನು ಕೇಳಲು ಅವನ ಬಳಿಯಲ್ಲಿಯೇ ಇದ್ದು ಅವನ ಕೆಲಸ ಮಾಡಿಕೊಂಡಿದ್ದ ಶಿಷ್ಯನಿಂದ ಈ ಶಬ್ದಕ್ಕೆ ಸೇವೆಯೆಂಬ ಅರ್ಥವು ಬಂದಿತು. ಅಮರಸಿಂಹನು ಇದನ್ನು ಪರಿಚರ್ಯೆ, ಉಪಾಸನೆಗಳ ಜೊತೆಯಲ್ಲಿ ಇಟ್ಟಿದ್ದಾನೆ. 'ಚಿಕಿತ್ಸೆ' ಎಂಬುದೂ ಸನ್ನಂತ ರೂಪವೇ; ಆದರೆ ಅಲ್ಲಿ 'ಸನ್' ಇಚ್ಛೆಯನ್ನು ಹೇಳುವುದಿಲ್ಲ, ರೋಗವನ್ನು ಕಳೆಯುವುದು ಎಂದಷ್ಟೇ ಅರ್ಥವೆಂದು ವೈಯಾಕರಣರು ತಿಳಿಸುತ್ತಾರೆ. ವೈದ್ಯನ ಕೆಲಸದಲ್ಲಿ ಕಾಣದ ಇಚ್ಛೆಯು ದಾದಿಯ ಕೆಲಸದಲ್ಲಿ ವ್ಯಾಕರಣದಿಂದಲೇ ಇದೆಯೆಂದಾಯಿತು. ವೈದ್ಯಮಿತ್ರರು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಕನ್ನಡ ಪಂಡಿತನಿಗೆ ಆಸ್ಪತ್ರೆಯ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ನಮ್ಮ ಶ್ರೀಮಠದ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳಲ್ಲಿ ಅನೇಕರು ಇಂದು ನರ್ಸಿಂಗ್ ವೃತ್ತಿಯಲ್ಲಿದ್ದಾರೆ. ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತುವ ಈ ಸೀಮೆಯಲ್ಲಿ, ಗೌಡಗೆರೆ ಹೋಬಳಿಯಿಂದ ಮಧುಗಿರಿ, ಕೊರಟಗೆರೆ, ಪಾವಗಡಗಳವರೆಗೆ, ಮಗಳೊಬ್ಬಳು ನರ್ಸಮ್ಮನಾದಳೆಂದರೆ ಒಂದು ಮನೆ ನಿಂತಿತೆಂದು ಅರ್ಥ. ಅಂತಹ ಒಬ್ಬ ಹಳೆಯ ವಿದ್ಯಾರ್ಥಿನಿ ಕೆಲವು ವರ್ಷಗಳ ಹಿಂದೆ ನನ್ನ ಮನೆಗೆ ಬಂದು ನಾಲ್ಕು ಪುಟಗಳ ಒಂದು ನಮೂನೆಯನ್ನು ಮುಂದಿಟ್ಟಳು. ರೋಗಿಯನ್ನು ದಾಖಲು ಮಾಡಿಕೊಂಡ ಕೂಡಲೇ ದಾದಿಯಾದವಳು ಕೇಳಿ, ನೋಡಿ, ಮುಟ್ಟಿ ತುಂಬಬೇಕಾದ ನಮೂನೆ ಅದು. ಎಲ್ಲವೂ ಇಂಗ್ಲಿಷಿನಲ್ಲಿತ್ತು. "ಸಾರ್, ಇದರಲ್ಲಿರೋ ಪ್ರಶ್ನೆ ನನಗೆ ಅರ್ಥ ಆಗ್ತವೆ, ಅಜ್ಜಿಯರು ಹೇಳೋ ಉತ್ತರವೂ ಅರ್ಥ ಆಗ್ತದೆ. ಎರಡನ್ನೂ ಸೇರಿಸೋಕೆ ಬರ್ತಿಲ್ಲ" ಎಂದಳು. ಅವಳು ಅಷ್ಟು ಹೇಳಿದಾಗ ನನಗೆ ನನ್ನ ದೊಡ್ಡಮ್ಮನ ನೆನಪು ಬಂದು ಬಹಳ ಹೊತ್ತು ಮಾತು ಹೊರಡಲಿಲ್ಲ.

2014ರ ಶ್ರಾವಣದಲ್ಲಿ ನಡೆದುದು. ದೊಡ್ಡಮ್ಮನಿಗೆ ಆಗ ಎಪ್ಪತ್ತು ದಾಟಿತ್ತು. ಸಕ್ಕರೆ ಕಾಯಿಲೆ ಹತ್ತು ವರ್ಷದ್ದು. ಸಂಜೆ ದೇವರ ಮುಂದೆ ದೀಪ ಹಚ್ಚಿ ಕುಳಿತವರು ನನ್ನನ್ನು ಕರೆದು, "ಎದೆಯೊಳಗೆ ಕೊಳ್ಳಿ ಇಟ್ಟಂಗಾಗ್ತದೆ ಕಣಪ್ಪ, ರಟ್ಟೆ ಸೇದ್ತದೆ, ಯಾಕೋ ಸಂಕಟ" ಎಂದರು. ಹತ್ತಿರದ ಒಂದು ದವಾಖಾನೆಗೆ ಕರೆದುಕೊಂಡು ಹೋದೆ. ವೈದ್ಯರು ಏನಾಯಿತೆಂದು ಕೇಳಿದರು. ಉತ್ತರ ಹೇಳಿದವರು ದೊಡ್ಡಮ್ಮನಲ್ಲ, ನಾನು. ನಾಲ್ಕು ಜನರ ಮುಂದೆ ಹಳ್ಳಿಯ ಮಾತು ಬೇಡವೆಂದೋ, ತಿದ್ದುವ ಅಭ್ಯಾಸ ನಾಲಗೆಗೆ ಹತ್ತಿಬಿಟ್ಟಿದ್ದುದರಿಂದಲೋ, "ಅಜೀರ್ಣ, ಎದೆಯುರಿ. ಮಧ್ಯಾಹ್ನ ಮುದ್ದೆಯ ಜೊತೆ ಹುರುಳಿ ಸಾರು ಉಂಡಿದ್ದರು" ಎಂದುಬಿಟ್ಟೆ. ರಟ್ಟೆಯ ಮಾತು ಬಿಟ್ಟುಹೋಯಿತು. ಸಂಕಟವು ಅಜೀರ್ಣವಾಯಿತು. ನಾನು ಹೇಳಿದ ರೋಗಕ್ಕೆ ತಕ್ಕ ಮಾತ್ರೆಯನ್ನೇ ಅವರು ಬರೆದುಕೊಟ್ಟರು. ತಪ್ಪು ಅವರದೆಂದು ಹೇಳಲಾರೆ.

ಬೆಳಗಿನ ಜಾವಕ್ಕೆ ಉಸಿರು ಮೇಲುಮೇಲಕ್ಕೆ ಬರತೊಡಗಿತು. ಬಾಡಿಗೆಯ ಕಾರಿನಲ್ಲಿ ತುಮಕೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಅಲ್ಲಿ ರಾತ್ರಿಪಾಳಿಯಲ್ಲಿದ್ದವಳು ಕೇರಳದ ಒಬ್ಬ ಚಿಕ್ಕ ವಯಸ್ಸಿನ ಹುಡುಗಿ. ಕನ್ನಡ ಸರಿಯಾಗಿ ಬಾರದು. ನಾನು ಮತ್ತೆ ಅಜೀರ್ಣ ಎಂದು ಆರಂಭಿಸಿದೆ. ಅವಳು ನನ್ನ ಕಡೆ ಕೈ ಅಡ್ಡ ಹಿಡಿದು, ದೊಡ್ಡಮ್ಮನ ಮುಖಕ್ಕೆ ಮುಖ ಕೊಟ್ಟು, "ಅಮ್ಮಾ, ಎಲ್ಲಿ? ಕೈ ಇಟ್ಟು ತೋರಿಸಿ" ಎಂದಳು. ದೊಡ್ಡಮ್ಮ ಮುಷ್ಟಿ ಕಟ್ಟಿ ಎದೆಯ ನಡುವೆ ಇಟ್ಟುಕೊಂಡರು. ಅನಂತರ ಬೆರಳಿನಿಂದ ಎಡಗೈಯ ರಟ್ಟೆಯಿಂದ ಮಣಿಕಟ್ಟಿನವರೆಗೆ ಗೆರೆ ಎಳೆದರು. ಹುಡುಗಿ ಹಣೆಯನ್ನು ಮುಟ್ಟಿ ನೋಡಿದಳು, ತಣ್ಣಗೆ ಬೆವರಿತ್ತು. ಮರುಕ್ಷಣದಲ್ಲಿ ಹಾಸಿಗೆಯನ್ನು ತಳ್ಳಿಕೊಂಡು ಒಳಕ್ಕೆ ಓಡಿದರು. ಹೃದಯಾಘಾತವಾಗಿ ಹನ್ನೆರಡು ಗಂಟೆಗಳ ಮೇಲಾಗಿತ್ತು. ದೊಡ್ಡಮ್ಮ ಉಳಿದರು, ಆದರೆ ಹೃದಯದ ಒಂದು ಭಾಗ ಸತ್ತುಹೋಗಿದ್ದುದರಿಂದ ಆಮೇಲಿನ ನಾಲ್ಕು ವರ್ಷಗಳಲ್ಲಿ ಹಿತ್ತಲಿನ ತುಳಸಿಯವರೆಗೆ ನಡೆದರೆ ಕುಳಿತುಕೊಳ್ಳಬೇಕಾಗುತ್ತಿತ್ತು.

ನನಗೆ ಬಾರದ ಶಾಸ್ತ್ರವನ್ನು ಆಮೇಲೆ ಕೇಳಿ ತಿಳಿದೆ. ಎದೆಯಲ್ಲಿ ಭಾರ ಹೇರಿದಂತಹ ನೋವು ಹೃದಯಾಘಾತದ ಮುಖ್ಯ ಲಕ್ಷಣವೆಂಬುದು ಎಲ್ಲರಿಗೂ ಗೊತ್ತು. ವಯಸ್ಸಾದ ಹೆಂಗಸರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿಯೂ ಆ ನೋವು ಸ್ಪಷ್ಟವಾಗಿ ಬಾರದೆ, ಎದೆಯುರಿ, ವಾಕರಿಕೆ, ಏದುಸಿರು, ವಿನಾಕಾರಣವಾದ ನಿಶ್ಶಕ್ತಿ, ತಣ್ಣನೆಯ ಬೆವರು ಇವುಗಳ ರೂಪದಲ್ಲಿ ಬರುವುದುಂಟು. ದೊಡ್ಡಮ್ಮನು ಮೂರು ವಾಕ್ಯಗಳಲ್ಲಿ ತಮ್ಮ ರೋಗವನ್ನು ಪೂರ್ತಿಯಾಗಿ ಹೇಳಿದ್ದರು. ಅದನ್ನು ಶುದ್ಧ ಕನ್ನಡಕ್ಕೆ ತಿದ್ದಿದವನು ನಾನು.

ಓಲೆಗರಿಯ ಪ್ರತಿಗಳನ್ನು ಪರಿಶೋಧಿಸುವ ವಿದ್ಯೆಯಲ್ಲಿ ಮೊದಲ ಪಾಠವೊಂದಿದೆ. ಪ್ರತಿಯಲ್ಲಿ ಏನಿದೆಯೋ ಅದನ್ನು ಇದ್ದಂತೆಯೇ ಬರೆದುಕೊಳ್ಳಬೇಕು. ತಪ್ಪೆಂದು ತೋರಿದರೂ ಕೈ ಹಾಕಬಾರದು. ತಿದ್ದುವುದು, ಪಾಠಾಂತರ ನೋಡುವುದು, ಅರ್ಥ ಹೇಳುವುದು ಅನಂತರದ ಕೆಲಸ. ನನ್ನ ಗುರುಗಳು ಈ ವಿಷಯದಲ್ಲಿ ಬಹಳ ಕಠಿಣರಾಗಿದ್ದರು. ಆ ವಿದ್ಯಾರ್ಥಿನಿ ತಂದ ನಮೂನೆಯ ಮೊದಲ ಪುಟದಲ್ಲಿಯೂ ಇದೇ ನಿಯಮವಿತ್ತು: ರೋಗಿಯ ಮುಖ್ಯ ದೂರನ್ನು ರೋಗಿಯ ಮಾತಿನಲ್ಲಿಯೇ ಬರೆಯತಕ್ಕದ್ದು. ಅದರ ಕೆಳಗೆ ಎರಡು ಅಂಕಣಗಳು. ಒಂದರಲ್ಲಿ ರೋಗಿ ಹೇಳಿದ್ದು, ಇನ್ನೊಂದರಲ್ಲಿ ದಾದಿಯು ಕಂಡದ್ದು ಮತ್ತು ಅಳೆದದ್ದು. ಇವೆರಡೂ ಮುಗಿದ ಮೇಲೆ ತೊಂದರೆ ಯಾವುದೆಂಬ ನಿರ್ಣಯ, ಮಾಡಬೇಕಾದುದರ ಯೋಜನೆ, ಮಾಡಿದ್ದು, ಮಾಡಿದ್ದರಿಂದ ಗುಣವಾಯಿತೇ ಎಂಬ ಮರುಪರೀಕ್ಷೆ. ಗ್ರಂಥಸಂಪಾದನೆಯ ಕ್ರಮವೂ ಇದೇ.

ನಮ್ಮ ಪೂರ್ವಿಕರು ಈ ಕೆಲಸವನ್ನು ಅಲ್ಪವೆಂದು ಎಣಿಸಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ. ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ಕೈಚಳಕ, ರೋಗಿಯಲ್ಲಿ ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳಿರಬೇಕು. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಉಪಚಾರದ ತಿಳಿವಳಿಕೆಯ ಜಾಗದಲ್ಲಿ ಬುದ್ಧಿಯನ್ನು ಹೇಳಿದ್ದಾನೆ. ರೋಗಿಯನ್ನು ನೋಡಿ, ಮುಟ್ಟಿ, ಕೇಳಿ ಪರೀಕ್ಷಿಸಬೇಕೆಂದು ಮೂರು ದಾರಿಗಳನ್ನೂ ಕೊಟ್ಟಿದ್ದಾನೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನು ವೈದ್ಯವನ್ನೇ ಕಾಯಕವಾಗಿ ಹಿಡಿದವನು. ಮರುಳಶಂಕರಪ್ರಿಯ ಸಿದ್ಧರಾಮೇಶ್ವರಲಿಂಗ ಎಂಬ ಅಂಕಿತದ ಅವನ ವಚನಗಳಲ್ಲಿ ರೋಗ, ಔಷಧಗಳ ಪರಿಭಾಷೆಯೇ ಅನುಭಾವದ ಭಾಷೆಯಾಗಿದೆ. ಪಶ್ಚಿಮದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಕ್ರಿಮಿಯಾ ಯುದ್ಧದ ಗಾಯಾಳುಗಳನ್ನು ನೋಡಿಕೊಂಡು ಹಿಂದಿರುಗಿದ ಮೇಲೆ 1859ರಲ್ಲಿ ಬರೆದ ಶುಶ್ರೂಷೆಯ ಪುಸ್ತಕದಲ್ಲಿ ರೋಗಿಯ ಅವಲೋಕನೆಗೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾಳೆ. ರಾತ್ರಿ ಚೆನ್ನಾಗಿ ನಿದ್ದೆ ಬಂತೇ ಎಂಬಂತಹ ಪ್ರಶ್ನೆ ನಿಷ್ಪ್ರಯೋಜಕವೆಂದೂ, ಎಷ್ಟು ಗಂಟೆ, ಯಾವ ಹೊತ್ತಿನಲ್ಲಿ ಮಲಗಿದ್ದನೆಂದು ಕೇಳಬೇಕೆಂದೂ ಆಕೆಯ ಅಭಿಪ್ರಾಯ. ಉತ್ತರವನ್ನು ಪ್ರಶ್ನೆಯಲ್ಲಿಯೇ ಇಟ್ಟು ಕೇಳುವ ಮೇಷ್ಟ್ರುಗಳಾದ ನಾವೂ ಆ ಪ್ರಕರಣವನ್ನು ಓದಬೇಕು.

ನಾನೂ ಆ ಹುಡುಗಿಯೂ ಕುಳಿತು ಮಾತುಗಳ ಒಂದು ಪಟ್ಟಿಯನ್ನು ಆರಂಭಿಸಿದೆವು. ಮೊದಲು ಬರೆದ ಪದ 'ಸೇದು'. ಬಾವಿಯಿಂದ ನೀರು ಸೇದುವುದು, ಬೀಡಿ ಸೇದುವುದು ನಿಘಂಟಿನಲ್ಲಿವೆ. ಕೈಕಾಲು ಸೇದುವುದೆಂದರೆ ಒಳಗಿನಿಂದ ಎಳೆದಂತಾಗುವ ನೋವು. ಚುಚ್ಚುವ ನೋವೂ ಅಲ್ಲ, ಉರಿಯೂ ಅಲ್ಲ. ಎರಡನೆಯದು 'ಸಂಕಟ'. ಗ್ರಂಥಭಾಷೆಯಲ್ಲಿ ಅದು ದುಃಖ. ನಮ್ಮ ಕಡೆಯ ಮುದುಕಿಯರಲ್ಲಿ ಹೊಟ್ಟೆ ತೊಳಸುವುದು, ಎದೆ ಬಿಗಿಯುವುದು, ಏನೋ ಆಗಬಾರದ್ದು ಆಗುತ್ತಿದೆಯೆಂಬ ಭಾವನೆ, ಈ ಮೂರೂ ಕೂಡಿ ಸಂಕಟ. ಈ ಪದ ಕೇಳಿದೊಡನೆ ದಾದಿಯು ಬೆವರಿತೇ, ವಾಂತಿಯಾಯಿತೇ, ಎಲ್ಲಿ ಎಂದು ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ಅವಳು ಬದಿಯಲ್ಲಿ ಬರೆದುಕೊಂಡಳು. 'ತಲೆ ತಿರುಗುವುದು' ಮತ್ತು 'ಕಣ್ಣು ಕತ್ತಲೆ ಬರುವುದು' ಬೇರೆಬೇರೆ. ಮೊದಲನೆಯದರಲ್ಲಿ ಸುತ್ತಲಿನದು ಸುತ್ತುತ್ತದೆ. ಎರಡನೆಯದರಲ್ಲಿ ಎದ್ದು ನಿಂತಾಗ ಮಂಕು ಕವಿಯುತ್ತದೆ. ಅಂತಹವರಿಗೆ ಮಲಗಿದಾಗಲೂ ನಿಂತಾಗಲೂ ರಕ್ತದೊತ್ತಡವನ್ನು ಅಳೆದು ನೋಡಬೇಕು.

'ಮರಗಟ್ಟುವುದು', 'ಜೋಮು' ಇವು ಸಕ್ಕರೆ ಕಾಯಿಲೆಯ ರೋಗಿಗಳ ಬಾಯಲ್ಲಿ ಕೇಳಿಬರುತ್ತವೆ. ಕಾಲಿನಿಂದ ಚಪ್ಪಲಿ ಕಳಚಿ ಹೋದದ್ದು ನಾಲ್ಕು ಹೆಜ್ಜೆ ನಡೆದ ಮೇಲೆ ತಿಳಿಯಿತೆಂದು ರೋಗಿಯು ನಗುತ್ತ ಹೇಳಿದರೆ ದಾದಿಯು ನಗಬಾರದು. ಅಂಗಾಲಿನ ಸ್ಪರ್ಶಜ್ಞಾನ ಹೋಗಿದೆಯೆಂದು ಅದರ ಅರ್ಥ. ಕಾಲನ್ನು ಕೈಯಲ್ಲಿ ಹಿಡಿದು ಬೆರಳುಗಳ ಸಂದಿಯನ್ನೂ ಹಿಮ್ಮಡಿಯನ್ನೂ ನೋಡಬೇಕು. ಮುಳ್ಳು ಚುಚ್ಚಿ ಕೀವಾಗಿದ್ದರೂ ರೋಗಿಗೆ ಗೊತ್ತಿರುವುದಿಲ್ಲ. ಮಚ್ಚೆಯಂತೆ ಬಣ್ಣ ಮಾಸಿದ ಚರ್ಮದಲ್ಲಿ ಸ್ಪರ್ಶ ತಿಳಿಯದಿದ್ದರೆ ಅದು ಕುಷ್ಠದ ಸೂಚನೆಯಾಗಿರಬಹುದು.

ಬಿ.ಪಿ. ಇದೆಯೇ ಎಂದು ಕೇಳಿದರೆ ಇಲ್ಲವೆಂದು ಉತ್ತರ ಬರುತ್ತದೆ. ಮಾತ್ರೆ ನುಂಗುತ್ತೀರಾ ಎಂದು ಕೇಳಿದರೆ, "ಹೂಂ, ದಿನಾ ಒಂದು. ಅದಕ್ಕೇ ಬಿ.ಪಿ. ಇಲ್ಲ" ಎನ್ನುತ್ತಾರೆ. ತರ್ಕವು ನಿರ್ದುಷ್ಟವಾಗಿದೆ, ತಪ್ಪು ಪ್ರಶ್ನೆಯದು. ಮಲವಿಸರ್ಜನೆ, ಮುಟ್ಟು ಇವನ್ನು ಕೇಳುವಾಗ ಇನ್ನೊಂದು ತೊಡಕು. 'ಹೊರಕಡೆಗೆ ಹೋದಿರಾ' ಎಂದರೆ ಒಂದು, 'ಹೊರಗಾದಿರಾ' ಎಂದರೆ ಮತ್ತೊಂದು. ಪಟ್ಟಣದಲ್ಲಿ ಬೆಳೆದ ದಾದಿಯೊಬ್ಬಳು ಇವೆರಡನ್ನೂ ಅದಲುಬದಲು ಮಾಡಿ ಅರವತ್ತೈದರ ಅಜ್ಜಿಯನ್ನು ಕೇಳಿದಾಗ ವಾರ್ಡೆಲ್ಲ ನಕ್ಕಿತಂತೆ. ಅಜ್ಜಿ ಮಾತ್ರ ಆಮೇಲೆ ಯಾವ ಪ್ರಶ್ನೆಗೂ ಉತ್ತರ ಕೊಡಲಿಲ್ಲವಂತೆ.

ಮಾತಿಲ್ಲದ ರೋಗಿಗಳೂ ಇದ್ದಾರೆ. ಹಸುಗೂಸಿನ ಎದೆಗೂಡು ಉಸಿರಾಡುವಾಗ ಒಳಕ್ಕೆ ಸೆಳೆಯುತ್ತಿದೆಯೇ ಎಂದು ಬಟ್ಟೆ ಬಿಚ್ಚಿ ನೋಡಬೇಕು. ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಬಾರಿ, ಎರಡರಿಂದ ಹನ್ನೆರಡು ತಿಂಗಳವರೆಗಿನದು 50 ಬಾರಿ, ಒಂದರಿಂದ ಐದು ವರ್ಷದ ಮಗು 40 ಬಾರಿ ಅಥವಾ ಅದಕ್ಕಿಂತ ಹೆಚ್ಚು ಉಸಿರಾಡಿದರೆ ನ್ಯುಮೋನಿಯವನ್ನು ಶಂಕಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದು ಸಲ್ಲದು. ಪೂರ್ತಿ ಒಂದು ನಿಮಿಷ ಎಣಿಸಬೇಕು. ದೊಡ್ಡವರಲ್ಲಿ ಉಸಿರನ್ನು ಎಣಿಸುವುದಕ್ಕೆ ಒಂದು ಉಪಾಯವಿದೆ. ಎಣಿಸುತ್ತಿದ್ದಾರೆಂದು ತಿಳಿದರೆ ರೋಗಿಯ ಉಸಿರಿನ ಲಯ ತಪ್ಪುತ್ತದೆ. ಆದ್ದರಿಂದ ನಾಡಿ ನೋಡಿ ಮುಗಿದ ಮೇಲೂ ಮಣಿಕಟ್ಟಿನ ಮೇಲಿನ ಬೆರಳನ್ನು ತೆಗೆಯದೆ, ನಾಡಿಯನ್ನೇ ಎಣಿಸುತ್ತಿರುವಂತೆ ಇದ್ದು, ಎದೆಯ ಏರಿಳಿತವನ್ನು ಎಣಿಸಬೇಕು. ಇಷ್ಟು ಒಳ್ಳೆಯ ಕಪಟವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ನಮ್ಮ ಸೀಮೆಗೇ ಸೇರಿದ ಒಂದು ರೋಗವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಪಾವಗಡ, ಶಿರಾ, ಮಧುಗಿರಿ ತಾಲ್ಲೂಕುಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಮಿತಿ. ಅದನ್ನು ಮೀರಿದ ಬಾವಿಗಳು ಇಲ್ಲಿ ಬಹಳ. ಕಗ್ಗಲ್ಲಿನ ಪದರಗಳಲ್ಲಿರುವ ಖನಿಜದಿಂದ ಅದು ನೀರಿಗೆ ಇಳಿಯುತ್ತದೆ. ಕೆರೆ ಬತ್ತಿ ಕೊಳವೆಯನ್ನು ಆಳಕ್ಕೆ ಇಳಿಸಿದಂತೆಲ್ಲ ಕಲ್ಲಿನ ಸಂಗದಲ್ಲಿ ಬಹುಕಾಲ ನಿಂತ ನೀರನ್ನೇ ಕುಡಿಯುವಂತಾಯಿತು. ಮಕ್ಕಳ ಹಲ್ಲುಗಳಲ್ಲಿ ಮೊದಲು ಸುಣ್ಣದಂತಹ ಬಿಳಿಯ ಕಲೆ, ಆಮೇಲೆ ಕಂದು ಬಣ್ಣದ ಅಡ್ಡ ಗೆರೆಗಳು. ಹಲ್ಲುಜ್ಜದ ಮಗುವೆಂದು ಬೈಸಿಕೊಂಡ ಮಕ್ಕಳಲ್ಲಿ ಇಂತಹವರೆಷ್ಟೋ. ಹಾಗೆ ಬೈದ ಮೇಷ್ಟ್ರುಗಳಲ್ಲಿ ನಾನೂ ಒಬ್ಬ. ಆ ಕಲೆ ಹಲ್ಲು ಮೊಳೆಯುವ ಕಾಲದಲ್ಲಿಯೇ ಬಂದದ್ದು, ಉಜ್ಜಿದರೆ ಹೋಗುವುದಿಲ್ಲ.

ದೊಡ್ಡವರಲ್ಲಿ ಅದು ಮೂಳೆಗೆ ಇಳಿಯುತ್ತದೆ. "ಸೊಂಟ ಬಿಗಿದುಕೊಂಡಿದೆ" ಎಂದು ರೋಗಿ ಹೇಳಿದಾಗ ದಾದಿಯು ಯಾವ ಯಂತ್ರವೂ ಇಲ್ಲದೆ ಮಾಡಬಹುದಾದ ಮೂರು ಪರೀಕ್ಷೆಗಳಿವೆ; 2008-09ರಲ್ಲಿ ಆರಂಭವಾದ ರಾಷ್ಟ್ರೀಯ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಇವನ್ನೇ ಕಲಿಸುತ್ತಾರೆ. ಮೊಣಕಾಲು ಮಡಿಸದೆ ಬಗ್ಗಿ ನೆಲದ ಮೇಲಿನ ನಾಣ್ಯವನ್ನು ಎತ್ತಿಕೊಳ್ಳಬೇಕು. ಗಲ್ಲವನ್ನು ಎದೆಗೆ ಮುಟ್ಟಿಸಬೇಕು. ಎರಡೂ ಕೈಗಳನ್ನು ಮಡಿಸಿ ತಲೆಯ ಹಿಂಭಾಗವನ್ನು ಮುಟ್ಟಬೇಕು. ಈ ಮೂರರಲ್ಲಿ ಯಾವುದು ಆಗದಿದ್ದರೂ ಯಾವ ಬಾವಿಯ ನೀರು, ಎಷ್ಟು ವರ್ಷದಿಂದ, ಮನೆಯಲ್ಲಿ ಇನ್ನು ಯಾರಿಗೆ ಹೀಗಿದೆ ಎಂದು ಕೇಳಬೇಕು. ಬಾಗಿಹೋದ ಮೂಳೆಯನ್ನು ನೇರ ಮಾಡುವ ಔಷಧವಿಲ್ಲ. ಕುಡಿಯುವ ಮತ್ತು ಅಡಿಗೆಯ ನೀರನ್ನು ಬದಲಾಯಿಸುವುದೇ ಮುಖ್ಯ ಉಪಚಾರ. ಊರಿನ ಶುದ್ಧೀಕರಣ ಘಟಕದ ನೀರನ್ನು ಕುಡಿಯುವುದಕ್ಕೆ ಮಾತ್ರ ತಂದು ಸಾರಿಗೆ ಬೋರಿನ ನೀರನ್ನೇ ಸುರಿಯುವ ಮನೆಗಳುಂಟು, ಅದನ್ನು ಬಿಡಿಸಿ ಕೇಳಬೇಕು. ಹಾಲು, ಮಜ್ಜಿಗೆ, ನುಗ್ಗೆಸೊಪ್ಪು, ನೆಲ್ಲಿಕಾಯಿ ಹೆಚ್ಚಲಿ. ಹಾಲಿಲ್ಲದ ಕಡು ಚಹಾ, ಕಪ್ಪು ಉಪ್ಪು ಕಡಿಮೆಯಾಗಲಿ. ಸೊಂಟನೋವಿಗೆ ಮುಲಾಮು ಹಚ್ಚಿ ಕಳುಹಿಸಿದರೆ ರೋಗವು ಅದೇ ಕೊಡದಲ್ಲಿ ಮತ್ತೆ ಮನೆಗೆ ಬರುತ್ತದೆ.

ಕಡಲೆಕಾಯಿ ಹೊಲಗಳಲ್ಲಿ ಹಾವಿನ ಭಯವೂ ಇದ್ದೇ ಇದೆ. ಹದಿನಾಲ್ಕನೆಯ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ'ವು ವಿಷವೈದ್ಯಕ್ಕೆಂದೇ ರಚಿತವಾದ ಕನ್ನಡ ಕಾವ್ಯ. ಅದನ್ನು ಕಾವ್ಯವೆಂದು ನಾನು ಪ್ರೀತಿಸುತ್ತೇನೆ. ಹಾವು ಕಚ್ಚಿದವನನ್ನು ಮುಂದಿಟ್ಟುಕೊಂಡು ಅದನ್ನು ಬಿಚ್ಚಬಾರದು. ಹಗ್ಗದಿಂದ ಬಿಗಿಯದೆ, ಕೊಯ್ಯದೆ, ಕಚ್ಚಿದ ಅಂಗವನ್ನು ಅಲುಗಿಸದೆ ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯತಕ್ಕದ್ದು. ಅಲ್ಲಿ ದಾದಿಯ ಕೆಲಸ ಬಹಳ ಸೂಕ್ಷ್ಮ. ಹೊಸ, ಒಣಗಿದ ಗಾಜಿನ ನಳಿಕೆಯಲ್ಲಿ ಎರಡು ಮಿಲಿಲೀಟರ್ ರಕ್ತ ತೆಗೆದು, ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು, ಅನಂತರ ಬಾಗಿಸಿ ನೋಡಬೇಕು. ಹೆಪ್ಪುಗಟ್ಟದೆ ಹರಿದರೆ ಕೊಳಕುಮಂಡಲ ಮೊದಲಾದ ಮಂಡಲದ ಹಾವುಗಳ ವಿಷ ರಕ್ತಕ್ಕೆ ಸೇರಿದೆಯೆಂದು ಅರ್ಥ. ರೆಪ್ಪೆಗಳು ಜೋತು ಬೀಳುತ್ತಿದ್ದರೆ ನಾಗರ ಅಥವಾ ಕಟ್ಟುಹಾವು. ಆಗ ಉಸಿರು ನಿಲ್ಲುವ ಭಯ. ಕಟ್ಟುಹಾವು ರಾತ್ರಿ ಮಲಗಿದವರನ್ನು ಕಚ್ಚುತ್ತದೆ, ಗಾಯ ಕಾಣಿಸುವುದೇ ಕಷ್ಟ. ಬೆಳಿಗ್ಗೆ ಹೊಟ್ಟೆನೋವೆಂದು ಬಂದು, ಕಣ್ಣು ಬಿಡಲು ಆಗುವುದಿಲ್ಲವೆನ್ನುವವರನ್ನು ನೆಲದ ಮೇಲೆ ಮಲಗಿದ್ದಿರಾ ಎಂದು ಕೇಳುವ ದಾದಿಯು ಅರ್ಧ ಚಿಕಿತ್ಸೆ ಮಾಡಿದಂತೆಯೇ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯವೆಂದು ಘೋಷಿಸಿತು.

ಮುಟ್ಟಿ ತಿಳಿಯುವ ವಿದ್ಯೆಗೆ ನಮ್ಮ ಸೀಮೆಯಲ್ಲಿಯೇ ಒಂದು ದೊಡ್ಡ ಹೆಸರಿದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು 1920ರಲ್ಲಿ ಹುಟ್ಟಿದವರು. ಅಕ್ಷರ ಬಾರದು. ಅಜ್ಜಿಯಿಂದ ವಿದ್ಯೆ ಕಲಿತು, ಎಪ್ಪತ್ತು ವರ್ಷಗಳ ಕಾಲ, ಹಣ ಪಡೆಯದೆ, ಹದಿನೈದು ಸಾವಿರಕ್ಕಿಂತ ಹೆಚ್ಚು ಹೆರಿಗೆಗಳನ್ನು ಮಾಡಿಸಿದರೆಂದು ಪ್ರಸಿದ್ಧಿ. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಯಾವ ಕಡೆಗಿದೆ, ಜೀವ ಹೇಗಿದೆ ಎಂದು ಹೇಳುತ್ತಿದ್ದರು. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟನ್ನೂ 2018ರಲ್ಲಿ ಭಾರತ ಸರ್ಕಾರವು ಪದ್ಮಶ್ರೀಯನ್ನೂ ಇತ್ತವು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅವರ ಹೆಸರು ಹೇಳಿ ಮನೆಯಲ್ಲಿಯೇ ಹೆರಿಗೆಯಾಗಲೆಂದು ವಾದಿಸುವವರನ್ನು ನಾನು ಒಪ್ಪುವುದಿಲ್ಲ. ರಕ್ತಸ್ರಾವ ನಿಲ್ಲದಿದ್ದಾಗ ರಕ್ತ ಕೊಡುವ ಸಲಕರಣೆ ಯಾವ ಕೈಗುಣಕ್ಕೂ ಬದಲಾಗಲಾರದು; ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಬೇಕು. ಆದರೆ ನೋವು ತಿನ್ನುತ್ತಿರುವ ಹೆಂಗಸಿನ ಬಳಿ ಅವರು ಕುಳಿತುಕೊಳ್ಳುತ್ತಿದ್ದ ಬಗೆಯಿದೆಯಲ್ಲ, ಅದನ್ನು ಆಸ್ಪತ್ರೆಯ ಒಳಕ್ಕೆ ಒಯ್ಯುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ದೊಡ್ಡಮ್ಮನವರ ಕೊನೆಯ ಎರಡು ತಿಂಗಳು ಹಾಸಿಗೆಯಲ್ಲಿಯೇ ಕಳೆದವು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಹಿಮ್ಮಡಿಯ ಕೆಳಗೆ ಏನೂ ಒತ್ತದಂತೆ ಮೀನಖಂಡದ ಕೆಳಗೆ ದಿಂಬು ಕೊಡಬೇಕು, ಸೊಂಟದ ಎಲುಬಿನ ಮೇಲೆ ಚರ್ಮ ಕೆಂಪಾಗಿ ಬೆರಳೊತ್ತಿದರೂ ಬಿಳಿಚಿಕೊಳ್ಳದಿದ್ದರೆ ಅದು ಹಾಸಿಗೆ ಹುಣ್ಣಿನ ಆರಂಭ, ಅಲ್ಲಿ ತಿಕ್ಕಬಾರದು ಎಂದು ನನ್ನ ಹಳೆಯ ವಿದ್ಯಾರ್ಥಿನಿಯೇ ಬಂದು ನನ್ನ ಹೆಂಡತಿಗೂ ನನಗೂ ತೋರಿಸಿಕೊಟ್ಟಳು. ನಾಲಗೆ ಒಣಗದಂತೆ ಒದ್ದೆಯ ಹತ್ತಿಯಿಂದ ಬಾಯಿ ಒರೆಸುವುದನ್ನೂ ಅವಳಿಂದಲೇ ಕಲಿತೆ. ರಾತ್ರಿ ಹನ್ನೆರಡರ, ಎರಡರ ಸರದಿ ನನ್ನದು. ಮಗ್ಗುಲು ತಿರುಗಿಸುವಾಗ ದೊಡ್ಡಮ್ಮ ಏನಾದರೂ ಹೇಳುತ್ತಿದ್ದರು. ನಾನು ಅದನ್ನು ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ಅವರು ಹೇಳಿದಂತೆಯೇ ಬರೆದಿಟ್ಟು ಬೆಳಿಗ್ಗೆ ಹುಡುಗಿಗೆ ತೋರಿಸುತ್ತಿದ್ದೆ.

ಆ ಪಟ್ಟಿ ಈಗ ಇನ್ನೂರು ಮಾತುಗಳನ್ನು ದಾಟಿ ಅಧ್ಯಾಪಕರ ಕೊಠಡಿಯ ಬೀರುವಿನಲ್ಲಿದೆ. ಅದರಲ್ಲಿ ಕೊರತೆಗಳು ಬಹಳ. ಶಿರಾ ಪಟ್ಟಣದ ಮುಸ್ಲಿಂ ಮನೆಗಳ ಹೆಂಗಸರು 'ಘಬರಾಹಟ್' ಎನ್ನುತ್ತಾರೆ. ನಮ್ಮ 'ಗಾಬರಿ' ಅದೇ ಮೂಲದ್ದಾದರೂ ಅವರ ಬಾಯಲ್ಲಿ ಅದು ಹೆದರಿಕೆಯೊಂದೇ ಆಗಿರದೆ ಎದೆಯ ಡವಡವವನ್ನೂ ಒಳಗೊಂಡಿರುತ್ತದೆ. ಪಾವಗಡದ ತೆಲುಗು ಮಾತನಾಡುವ ಮನೆಗಳಲ್ಲಿ 'ಆಯಾಸಂ' ಎಂದರೆ ಏದುಸಿರು. ಕನ್ನಡದ ದಾದಿಯು ಅದನ್ನು ಆಯಾಸವೆಂದು ಕೇಳಿ ದಣಿವು ಎಂದು ಬರೆದುಕೊಂಡರೆ, ಆಮ್ಲಜನಕ ಬೇಕಾದ ರೋಗಿಗೆ ವಿಶ್ರಾಂತಿಯ ಸಲಹೆ ಸಿಕ್ಕೀತು. ಒಂದೇ ಸಂಸ್ಕೃತ ಶಬ್ದವು ಎರಡು ಭಾಷೆಗಳಲ್ಲಿ ಎರಡು ರೋಗಗಳಾಗಿ ನಿಂತಿರುವುದು ನನಗೆ ತಿಳಿದದ್ದು ತಡವಾಗಿ, ಅದೂ ಪಾವಗಡದ ಕಡೆಯ ಒಬ್ಬ ಹಳೆಯ ವಿದ್ಯಾರ್ಥಿಯಿಂದ. ಇಂತಹ ಮಾತುಗಳು ಯಾರಿಗೆ ಗೊತ್ತಿದ್ದರೂ, ತಿದ್ದದೆ, ಕೇಳಿದ ಹಾಗೆಯೇ ಒಂದು ಕಾಗದದಲ್ಲಿ ಬರೆದು, ಯಾವ ಊರಿನವರು ಹೇಳಿದ್ದೆಂದು ನಮೂದಿಸಿ ಶಾಲೆಯ ವಿಳಾಸಕ್ಕೆ ಕಳುಹಿಸಬೇಕೆಂದು ಬೇಡುತ್ತೇನೆ. ಮುಂದಿನ ಬೇಸಿಗೆ ರಜೆಯಲ್ಲಿ ಆ ಹುಡುಗಿ ಬಂದಾಗ ನಾವಿಬ್ಬರೂ ಕುಳಿತು ಸೇರಿಸುತ್ತೇವೆ.